ಮುಯ್ಯಿಗೆ ಕೊಟ್ಟ ಪಾಸ್‌ವರ್ಡ್

ಜಾಬ್ ಇರಲಿಲ್ಲ.

ಮಂಗಳಾ ಮತ್ತೊಮ್ಮೆ ಕೇಳಿದಳು. ಪರದೆಯ ಮೇಲೆ ಮತ್ತದೇ ಉತ್ತರ — ಈ ಹೆಸರಿನ ಜಾಬ್ ಯಾವುದೂ ಇಲ್ಲ. ಹೆಸರು ತಪ್ಪು ಹೊಡೆದೆನೇ? ಇಲ್ಲ. ಜಾಬ್ ನಂಬರ್ ಹಾಕಿ ಕೇಳಿದಳು. ಊಹೂಂ. ಹೆಗಲ ಮೇಲಿನ ಬ್ಯಾಗ್ ಇಳಿಸುವುದನ್ನೂ ಮರೆತು ನಿಂತೇ ಇದ್ದಳು.

ಜಾಬ್ ಅಂದರೆ ದೂರದ ಯಂತ್ರಕ್ಕೆ ಕಳಿಸಿದ ಕೆಲಸ. ಅದು ಸೋತಿದ್ದರೆ ಚಿಂತೆ ಇರಲಿಲ್ಲ. ಸೋತ ಜಾಬ್ ಎಲ್ಲಿ ಮುಗ್ಗರಿಸಿತು, ಯಾಕೆ ಮುಗ್ಗರಿಸಿತು ಅಂತ ಹೇಳಿಯಾದರೂ ಸಾಯುತ್ತದೆ. ಇದು ಹಾಗಲ್ಲ. ನಿನ್ನೆ ಬೆಳಿಗ್ಗೆ ಕೈಯಾರೆ ಕಳಿಸಿದ್ದಳು. 'ಹೋಲ್ಡ್‌ನಲ್ಲಿದೆ' ಅಂತ, ಅಂದರೆ ಓಡಿಸದೆ ತಡೆದಿಟ್ಟಿದೆ ಅಂತ, ಉತ್ತರ ಬಂದದ್ದನ್ನು ಕಣ್ಣಾರೆ ನೋಡಿದ್ದಳು. ಇವತ್ತು ನೋಡಿದರೆ ಅಂಥದ್ದೊಂದು ಹುಟ್ಟೇ ಇರಲಿಲ್ಲವೇನೋ ಅನ್ನುವ ಹಾಗೆ ಮಾಯ.

"ಏನೇ, ದೆವ್ವ ಮೆಟ್ಕೊಂಡೋರಂಗೆ ನಿಂತಿದ್ದೀಯಲ್ಲ?" ಪಕ್ಕದ ಮೇಜಿನಿಂದ ಐಶ್ವರ್ಯ ಕೇಳಿದಳು.

"ಕೋಟೆ ಜಾಬ್ ಇಲ್ಲ ಕಣೇ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

"ಸರಿಯಾಗಿ ನೋಡು," ಅಂದಳು ಐಶ್ವರ್ಯ, ಕೂತಲ್ಲಿಂದಲೇ.

ಹುಣಸೂರಿನ ಬೈಪಾಸ್ ಪಕ್ಕ, ಗೊಬ್ಬರದಂಗಡಿಯ ಮೇಲಿನ ಮಹಡಿ. ಬೆಳೆಗಾರರ ಆರೋಗ್ಯ ಸಂಘದ ಕಂಪ್ಯೂಟರ್ ಕೇಂದ್ರ ಅಂದರೆ ಅದೇ. ನಾಲ್ಕು ತಾಲ್ಲೂಕು, ನಾಲ್ಕು ಮೇಜು, ನಾಲ್ಕು ಜನ. ಹುಣಸೂರು ಮ್ಯಾನೇಜರ್ ಷಣ್ಮುಖಪ್ಪನವರದ್ದು. ಪಿರಿಯಾಪಟ್ಟಣ ಗೌರೀಶನದು. ಕೆ.ಆರ್. ನಗರ ಐಶ್ವರ್ಯಳದು. ಎಚ್.ಡಿ. ಕೋಟೆ ಮಂಗಳಾಳದು. ನಾಲ್ವರೂ ಕೆಲಸ ಕೊಡುವುದು ಮೈಸೂರಿನ ಮುಖ್ಯ ಕಚೇರಿಯಲ್ಲಿರುವ ಮೇನ್‌ಫ್ರೇಮ್ ಎಂಬ ದೊಡ್ಡ ಯಂತ್ರಕ್ಕೆ. ಇವರ ಬಾಯಲ್ಲಿ ಅದರ ಹೆಸರು 'ದೊಡ್ಡಯ್ಯ'.

ಹಿಂದೆಲ್ಲ ದೊಡ್ಡಯ್ಯನ ಹತ್ತಿರ ಮಾತಾಡಬೇಕೆಂದರೆ ಮೈಸೂರಿಗೇ ಹೋಗಿ, ಕಪ್ಪು ಪರದೆಯ ಮುಂದೆ ಕೂರಬೇಕಿತ್ತಂತೆ. ಈಗ ಆ ಕಾಟವಿಲ್ಲ. ಮುಖ್ಯ ಕಚೇರಿಯವರು ಒಂದು ಲೈಬ್ರರಿ ಕೊಟ್ಟಿದ್ದಾರೆ. ಲೈಬ್ರರಿ ಅಂದರೆ ಪುಸ್ತಕದ ಮನೆಯಲ್ಲ, ಮೊದಲೇ ಬರೆದಿಟ್ಟ ಆಜ್ಞೆಗಳ ಗಂಟು. ಜಾಬ್ ಕಳಿಸು, ಎಲ್ಲಿಗೆ ಬಂತು ಕೇಳು, ಫಲ ತಂದುಕೊಡು, ಬೇಡವಾದರೆ ಅಳಿಸು. ಅದನ್ನು ಬಳಸಿ ಮ್ಯಾನೇಜರ್ ಬಿಟ್ಟು ಉಳಿದವರೆಲ್ಲ ತಮ್ಮತಮ್ಮದೇ ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದರು. ಮಂಗಳಾ ಅದನ್ನು ಬೇರೆಲ್ಲರಿಗಿಂತ ಬೇಗ ಕಲಿತಿದ್ದಳು, ಅದರ ಜಂಬವೂ ಅವಳಿಗೆ ಸ್ವಲ್ಪ ಇತ್ತು.

ಮಾಯವಾದ ಜಾಬ್ ಅಂತಿಂಥದ್ದಲ್ಲ. ಎನ್. ಬೇಗೂರು ಸುತ್ತಲಿನ ಕಾಡಂಚಿನ ಆದಿವಾಸಿ ಹಾಡಿಗಳವರಿಗೆ ಸಂಘದ ಆಸ್ಪತ್ರೆ ಕಾರ್ಡ್ ಕೊಡಿಸುವ ಅರ್ಜಿಗಳೆಲ್ಲ ಅದರೊಳಗಿದ್ದವು. ಮಂಗಳಾ ಅಲ್ಲಿಯ ಒಂದು ಹಾಡಿಯವಳೇ. ಮೊನ್ನೆ ಸೋಮವಾರದವರೆಗೂ ಮನೆ ಮನೆಗೆ ತಿರುಗಿ, ಬೈಸಿಕೊಂಡು, ಗೋಗರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದಳು. 'ಎಷ್ಟ್ ಜನ ಬಂದು ಒತ್ತಿಸ್ಕೊಂಡೋದ್ರು, ಏನ್ ಬಂತು?' ಅಂದವರಿಗೆ 'ಈ ಸಲ ನಾನಿದ್ದೀನಲ್ಲ' ಅಂದಿದ್ದಳು. ಅರ್ಜಿ ಹಾಕಲು ನಿನ್ನೆ ಸಂಜೆಯೇ ಕಡೆ. ಸಂಜೆ ಮೈಸೂರಿನವರು ಹೋಲ್ಡ್ ತೆಗೆಯುತ್ತಾರೆ, ಜಾಬ್ ಓಡುತ್ತದೆ, ಕಾರ್ಡ್ ಬರುತ್ತದೆ. ಅಷ್ಟೇ ಆಗಬೇಕಿತ್ತು.

ಗೌರೀಶ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ ತೆಗೆದ. ತೆಗೆದವನ ಮುಖ ಬಿಗಿಯಾಯಿತು.

"ಅಳ್ಸಿದ್ದಾರೆ. ನಿನ್ನೆ ಊಟಕ್ಕೆ ಮುಂಚೆ. ಕೋಟೆಯ ಹಳೇ ಜಾಬ್‌ಗಳೂ ಹೋಗಿವೆ, ಈ ಜಾಬೂ ಹೋಗಿದೆ."

"ಯಾರು?"

ಗೌರೀಶ ಅವಳ ಮುಖ ನೋಡಲಿಲ್ಲ. "ನಿನ್ನ ಲಾಗಿನ್ನೇ."

ಮಂಗಳಾ ಅವನ ಪರದೆಗೆ ಬಗ್ಗಿ ತನ್ನ ಲಾಗಿನ್ ಹೆಸರನ್ನು ತಾನೇ ಓದಿಕೊಂಡಳು.

ಷಣ್ಮುಖಪ್ಪನವರು ತಮ್ಮ ಕೋಣೆಯಿಂದ ಹೊರಗೆ ಬಂದು, ವಿಷಯ ಕೇಳಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. ಸಂಘದ ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ತಾಲ್ಲೂಕಿನ ಆಪರೇಟರೇ ಜಾಬ್ ಅಳಿಸಿದರೆ ಅರ್ಜಿ ವಾಪಸ್ ತೆಗೆದುಕೊಂಡ ಹಾಗೆ. ಮುಂದಿನ ವರ್ಷದವರೆಗೆ ಮಾತಿಲ್ಲ. ಬೇರೆ ಯಾರೋ ಅಳಿಸಿದ್ದಾರೆ ಅಂತ ರುಜುವಾತಾದರೆ ಮಾತ್ರ ಅದು ಸಂಘದ ತಪ್ಪು, ಗಡುವು ದಾಟಿದರೂ ಮತ್ತೆ ಕಳಿಸಬಹುದು.

"ಸಾರ್, ನಾನು ಅಳ್ಸಿಲ್ಲ."

"ನಿನ್ನ ಲಾಗಿನ್ ಅಂತ ಅದೆಯಲ್ಲವ್ವ."

"ನಾನು ಅಳ್ಸಿಲ್ಲ ಸಾರ್."

"ಮೈಸೂರಿಗೆ ತಿಳಿಸ್ಲೇಬೇಕು. ತನಿಖೆಗೆ ಯಾರಾದ್ರೂ ಬತ್ತಾರೆ. ಸಂಜೆ ಸಂಘದ ಕಮಿಟಿ ಕೂರ್ತದೆ." ಷಣ್ಮುಖಪ್ಪ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಒಂದ್ ಮಾತು. ಮುಯ್ಯಿ ವಿಚಾರ ಮಾತ್ರ ಬಾಯಿ ಬುಡ್ಬೇಡಿ. ಯಾರೂ. ತಿಳೀತಾ? ಬುಟ್ರೆ ನಾಲ್ಕೂ ಜನ ಮನೆಗೆ."

ಮುಯ್ಯಿ ಅಂದರೆ ಈ ಕಡೆ ಮಕ್ಕಳಿಗೂ ಗೊತ್ತು. ಇವತ್ತು ನಿಮ್ಮ ಗದ್ದೆಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಕೂಲಿಯಿಲ್ಲ, ಬರವಣಿಗೆಯಿಲ್ಲ. ಈ ನಾಲ್ವರು ಅದನ್ನು ಕಂಪ್ಯೂಟರಿಗೂ ತಂದಿದ್ದರು. ಗೌರೀಶನ ಮನೆಯಲ್ಲಿ ತಂಬಾಕು ಒಣಗಿಸುವ ಬ್ಯಾರನ್‌ಗೆ ಬೆಂಕಿ ಹಾಕಿದ ದಿನ ಅವನ ಜಾಬ್‌ಗಳನ್ನು ಐಶ್ವರ್ಯ ಓಡಿಸುತ್ತಿದ್ದಳು, ಅವನ ಲಾಗಿನ್‌ನಲ್ಲೇ. ಐಶ್ವರ್ಯಳ ಮನೆಯಲ್ಲಿ ನಾಟಿಯೆಂದರೆ ಅವಳದನ್ನು ಮಂಗಳಾ. ಮಂಗಳಾ ಹಾಡಿಗೆ ಹೋದರೆ ಇವಳದನ್ನು ಐಶ್ವರ್ಯ. ಪಾಸ್‌ವರ್ಡ್ ಬೇರೆಯವರಿಗೆ ಹೇಳಿದರೆ ಕೆಲಸ ಹೋಗುತ್ತದೆ ಅಂತ ಗೋಡೆಗೇ ಅಂಟಿಸಿದ್ದರು. ಆ ಕಾಗದದ ಕೆಳಗೇ ಕೂತು ಹೇಳಿಕೊಂಡಿದ್ದರು.

ಮಂಗಳಾಳ ಹಾಡಿಯಲ್ಲಿ ಮುಯ್ಯಿಗೆ ಕರೆಯುವಷ್ಟು ಗದ್ದೆ ಯಾರಿಗೂ ಇರಲಿಲ್ಲ. ಅವರೆಲ್ಲ ಬೇರೆಯವರ ಗದ್ದೆಗೆ ಕೂಲಿಗೆ ಹೋದವರು. ಕೂಲಿಗೆ ಕರೆಯುವವರು ಎಲ್ಲ ಕಡೆ ಸಿಗುತ್ತಾರೆ. ಮುಯ್ಯಿಗೆ ಕರೆಯುವುದು ಸರೀಕರನ್ನು ಮಾತ್ರ. 'ನಿನ್ ಪಾಸ್‌ವರ್ಡ್ ಹೇಳೇ, ನಂದು ಬರ್ಕೋ' ಅಂತ ಐಶ್ವರ್ಯ ಮೊದಲ ಸಲ ಅಂದಾಗ ಮಂಗಳಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವತ್ತು ಹಾಸ್ಟೆಲಿಗೆ ಹೋದವಳು ಸುಮ್ಮಸುಮ್ಮನೆ ನಗುತ್ತಿದ್ದಳು.

ಈಗ ಅದೇ ಗಂಟಲಿಗೆ ಸಿಕ್ಕಿಕೊಂಡಿತ್ತು. ಬಾಯಿ ಬಿಟ್ಟರೆ ನಾಲ್ವರಿಗೂ ಕೆಡುಕು. ಬಿಡದಿದ್ದರೆ ಹಾಡಿಗೆ ಕಾರ್ಡ್ ಇಲ್ಲ.

ಮೈಸೂರಿನಿಂದ ಬಂದವರು ಹೇಮಶ್ರೀ. ನಲವತ್ತರ ಆಸುಪಾಸಿನ ಹೆಂಗಸು. ಬಸ್ಸಿಳಿದು, ಮೆಟ್ಟಿಲು ಹತ್ತಿ, ಕೊಟ್ಟ ಕುರ್ಚಿಯಲ್ಲಿ ಕೂರದೆ ಮೇಜಿಂದ ಮೇಜಿಗೆ ಅಡ್ಡಾಡತೊಡಗಿದರು.

"ನಿನ್ನೆ ಆ ಹೊತ್ತಲ್ಲಿ ಎಲ್ಲಿದ್ರಿ ಮಂಗಳಾ?"

"ಇಲ್ಲೇ, ನನ್ನ ಸೀಟಲ್ಲಿ ಮೇಡಂ."

"ಏನು ಮಾಡ್ತಿದ್ರಿ?"

"ಹಾಡಿಯಿಂದ ಫೋನ್ ಬಂದಿತ್ತು. ಕಾರ್ಡ್ ಯಾವಾಗ ಅಂತ. ಮಾತಾಡ್ತಿದ್ದೆ."

"ಕಂಪ್ಯೂಟರ್ ಮುಟ್ಟಿದ್ರಾ?"

"ಇಲ್ಲ."

"ಬೆಳಿಗ್ಗೆ ಮ್ಯಾನೇಜರ್ ಜೊತೆ ಜಗಳ ಆಗಿತ್ತಂತೆ?"

ಆಗಿತ್ತು. ಹಾಡಿಯವರಿಂದ ಇನ್ನೊಂದು ಗುರುತಿನ ಚೀಟಿ ತರಿಸು ಅಂತ ಷಣ್ಮುಖಪ್ಪ ಅಂದಿದ್ದರು. 'ಇರೋದನ್ನೇ ಕೊಟ್ಟಿದ್ದಾರೆ ಸಾರ್, ಇಲ್ಲದ್ದನ್ನ ಎಲ್ಲಿಂದ ತರ್ಲಿ?' ಅಂತ ಇವಳು ರೇಗಿದ್ದಳು.

"ಆಗಿತ್ತು ಮೇಡಂ."

"ಸಿಟ್ಟಲ್ಲಿ 'ಬೇಡವೇ ಬೇಡ' ಅಂತ ಗುಡಿಸಿ ಹಾಕಿದ್ರಾ?"

"ನಮ್ಮೋರ ಕಾರ್ಡ್ ನಾನೇ ಅಳ್ಸ್ತೀನಾ?"

"ಕೇಳಿದ್ದಕ್ಕೆ ಉತ್ತರ ಕೊಡಿ."

"ಇಲ್ಲ."

"ನಿಮ್ಮ ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಗೊತ್ತಾ?"

ಕಣ್ಣಂಚಿನಲ್ಲಿ ಷಣ್ಮುಖಪ್ಪ ಕಾಣುತ್ತಿದ್ದರು. ಗೌರೀಶ ನೆಲ ನೋಡುತ್ತಿದ್ದ. ಐಶ್ವರ್ಯ ಉಗುರು ಕಚ್ಚುತ್ತಿದ್ದಳು.

"ಇಲ್ಲ ಮೇಡಂ," ಅಂದಳು ಮಂಗಳಾ.

ಹೇಮಶ್ರೀ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಗೌರೀಶನ ಮೇಜಿನ ಹತ್ತಿರ ಹೋದರು.

"ಈ ದಾಖಲೆ ತೆಗೆದವರು ನೀವಾ?"

"ಹೌದು ಮೇಡಂ. ಅಳ್ಸಿರೋ ಸಾಲೆಲ್ಲ ಇದೆ ನೋಡಿ. ಇವಳ ಲಾಗಿನ್, ನಮ್ಮ ಆಫೀಸಿನ ಇಂಟರ್‌ನೆಟ್."

"ಯಾವ ಕಂಪ್ಯೂಟರ್?"

"ಅದು ಗೊತ್ತಾಗಲ್ಲ. ಹೊರಗಿಂದ ನೋಡಿದ್ರೆ ನಾಲ್ಕೂ ಒಂದೇ ತರ ಕಾಣ್ತವೆ."

"ಅಳಿಸಿದ ಸಾಲು ಮಾತ್ರ ಯಾಕೆ ತೆಗೆದ್ರಿ?"

"ಬೇಕಾಗಿರೋದು ಅದೇ ಅಲ್ವಾ ಮೇಡಂ?"

"ನಿನ್ನೆ ಇಡೀ ದಿನದ್ದು ತೆಗೆಯಿರಿ. ನಾಲ್ಕೂ ಲಾಗಿನ್‌ದು. ಕೇಳಿದ್ದು, ಹುಡುಕಿದ್ದು, ಸಿಗದೇ ಇದ್ದದ್ದು, ಎಲ್ಲ." ಹೇಮಶ್ರೀ ಥಟ್ಟನೆ ಅವನ ಕೈ ನೋಡಿದರು. "ತಂಬಾಕು ಕಿತ್ತಿದ್ದು ಯಾವತ್ತು?"

ಗೌರೀಶ ಬೆರಳು ಮಡಚಿದ. ಮಡಚಿದರೂ ಕಾಣುತ್ತಿತ್ತು. ಹಸಿ ಎಲೆಯ ಅಂಟು, ಸೋಪಿಗೆ ಜಗ್ಗದ ಕಪ್ಪು.

"ಭಾ... ಭಾನುವಾರ ಮೇಡಂ."

"ನಾನೂ ತಂಬಾಕಿನ ಗಾವಡಗೆರೆಯವಳು ಕಣ್ರೀ. ಭಾನುವಾರದ ಅಂಟು ಬುಧವಾರದವರೆಗೆ ಹೀಗೆ ಹಸಿಯಾಗಿ ಕೂತಿರುತ್ತಾ?"

ಗೌರೀಶ ಕೈಯನ್ನು ಮೇಜಿನ ಕೆಳಗಿಟ್ಟ. ಆಯಮ್ಮ ಅದನ್ನು ಅಲ್ಲಿಗೇ ಬಿಟ್ಟು ಐಶ್ವರ್ಯಳತ್ತ ತಿರುಗಿದರು. ದನಿಯೇ ಬದಲಾಯಿತು, ನೆಂಟರ ಮನೆಗೆ ಬಂದವರ ಹಾಗೆ.

"ನಿಮ್ಮದು ಕೆ.ಆರ್. ನಗರದ ಕಡೆ ಅಲ್ವಾ? ನಾಟಿ ಆಯ್ತಾ?"

"ಆಯ್ತು ಮೇಡಂ."

"ಆಳು ಸಿಕ್ಕಿದ್ರಾ? ನಮ್ಮ ಕಡೆ ಈ ಸಲ ಬಲು ಕಷ್ಟ."

"ಎಲ್ಲಿ ಸಿಕ್ತಾರೆ ಮೇಡಂ. ನಾನೂ ಅಮ್ಮನ ಜೊತೆ ಗದ್ದೆಗಿಳಿದೆ. ವಾರ ಪೂರ್ತಿ ಸೊಂಟ ಬಿದ್ದೋಯ್ತು."

"ಅಯ್ಯೋ ಪಾಪ," ಅಂದರು ಹೇಮಶ್ರೀ. "ಮೈಸೂರಲ್ಲೇ ದಾಖಲೆ ನೋಡಿ ಬಂದೆ, ಆ ವಾರ ಪೂರ್ತಿ ನಿಮ್ಮ ಲಾಗಿನ್‌ನಿಂದ ಜಾಬ್ ಹೋಗಿವೆ. ಒಂದು ದಿನವೂ ರಜಾ ಇಲ್ಲ. ಗದ್ದೆಯಿಂದಲೇ ಕಳಿಸಿದ್ರಾ?"

ಐಶ್ವರ್ಯಳ ಮುಖ ಹುಳ್ಳಗಾಯಿತು. ಷಣ್ಮುಖಪ್ಪ ಕೆಮ್ಮಿದರು. ಹೇಮಶ್ರೀ ಉತ್ತರಕ್ಕೆ ಕಾಯಲಿಲ್ಲ. ಎಲ್ಲರೂ ಒಂದಿಷ್ಟು ಹೊರಗೆ ಹೋಗಿ ಟೀ ಕುಡಿದು ಬನ್ನಿ ಅಂದರು.

ಟೀ ಯಾರಿಗೆ ಬೇಕಿತ್ತು? ಮಂಗಳಾ ಗೊಬ್ಬರದಂಗಡಿಯ ಮುಂದೆ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡಿದಳು. ನನ್ನ ಪ್ರೋಗ್ರಾಮೇ ಏನಾದರೂ ಮಾಡಿಕೊಂಡಿತೇ? ಕಳಿಸು ಅಂದದ್ದಕ್ಕೆ ಅಳಿಸಿತೇ? ಸಾಧ್ಯವೇ ಇಲ್ಲ. ಅಥವಾ ಷಣ್ಮುಖಪ್ಪ? ಬೆಳಿಗ್ಗೆ ಜಗಳವಾಡಿದವರು ಅವರು. ಪಾಸ್‌ವರ್ಡ್ ಅವರಿಗೂ ಗೊತ್ತು. ಗೌರೀಶ ನಿನ್ನೆ ಆಫೀಸಿಗೇ ಬಂದಿರಲಿಲ್ಲ, ಬ್ಯಾರನ್ ಮುಂದೆ ಕೂತಿದ್ದ. ಹಾಗಾದರೆ ಇನ್ನು ಯಾರು? ಐಶ್ವರ್ಯಳ ಹೆಸರು ಮನಸ್ಸಿಗೆ ಬಂದದ್ದೇ ಅವಳು ಅದನ್ನು ಅತ್ತ ತಳ್ಳಿದಳು. ಒಂದೇ ಡಬ್ಬಿಯಲ್ಲಿ ಉಣ್ಣುವವರು ನಾವು.

ಫೋನ್ ಬಡಿದುಕೊಂಡಿತು. ಹಾಡಿಯಿಂದ ಸೋದರಮಾವ ಬೆಳ್ಳ.

"ಕಾರ್ಡ್ ಏನಾಯ್ತವ್ವ?"

"ನೋಡ್ತಾವ್ರೆ ಮಾವ."

"ರಂಗತ್ತೆ ಉಸ್ರು ಕಟ್ಕೊಂಡು ಕೂತವ್ಳೆ ಕಣವ್ವ. ಆಸ್ಪತ್ರೆಗೆ ನಡಿ ಅಂದ್ರೆ, ಕಾರ್ಡ್ ಬರ್ಲಿ, ಆಮ್ಯಾಕೆ ಓಗ್ತೀನಿ ಅಂತಾಳೆ. ನೀನು ಯೋಳಿದ್ದೀಯಲ್ಲ, ಬತ್ತದೆ ಅಂತ."

"ಬತ್ತದೆ ಮಾವ."

"ಯಾವತ್ತು?"

ಮಂಗಳಾ ಆಮೇಲೆ ಮಾಡ್ತೀನಿ ಅಂದು ಫೋನ್ ಇಟ್ಟಳು. ರಂಗತ್ತೆ ಅಂದರೆ ಇವಳನ್ನು ಎತ್ತಿ ಆಡಿಸಿದ ಮುದುಕಿ, ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು. ಅವಳು ಒತ್ತಿದ ಮೇಲೇ ಉಳಿದವರು ಒತ್ತಿದ್ದರು. ಮಂಗಳಾಳಿಗೆ ಈಗ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು. ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ಮೇಲೆ ಹೋದಾಗ ಹೇಮಶ್ರೀ ಮೊದಲ ಬಾರಿಗೆ ಕೂತಿದ್ದರು.

"ಬಾಗಿಲು ಹಾಕಿ ಗೌರೀಶ್. ಎಲ್ಲರೂ ಕೂತ್ಕೊಳ್ಳಿ. ಜಾಬ್ ಯಾರು ಅಳಿಸಿದ್ರು ಅಂತ ನನಗೆ ಗೊತ್ತಾಗಿದೆ. ಆದ್ರೆ ಕಮಿಟಿ ಮುಂದೆ ಅದು ನಿಲ್ಲಬೇಕು ಅಂದ್ರೆ ನಿಮ್ಮಲ್ಲೊಬ್ಬರು ಬಾಯಿ ಬಿಡಬೇಕು. ಪಾಸ್‌ವರ್ಡ್ ಒಬ್ಬರದು ಒಬ್ಬರಿಗೆ ಗೊತ್ತಿದೆಯಾ ಇಲ್ವಾ?"

ಹೇಮಶ್ರೀ ಒಬ್ಬೊಬ್ಬರತ್ತ ತಿರುಗಿದರು.

"ಷಣ್ಮುಖಪ್ಪನವರೇ?"

"ಇಲ್ಲ ಮೇಡಂ, ನಮ್ಮಲ್ಲಿ ಅಂಥದ್ದೆಲ್ಲ —"

"ಗೌರೀಶ್?"

ಗೌರೀಶ ತಲೆ ಎತ್ತಲಿಲ್ಲ.

"ಐಶ್ವರ್ಯ?"

"ಗೊತ್ತಿಲ್ಲ ಮೇಡಂ."

ಗೊತ್ತಿಲ್ಲ. ಅದೊಂದು ಮಾತಿಗೆ ಮಂಗಳಾ ಆ ಹುಡುಗಿಯತ್ತ ತಿರುಗಿದಳು. ಗೊತ್ತಿಲ್ಲ ಅಂತೆ. ನಾಟಿ ವಾರದಲ್ಲಿ ಇವಳ ಕೆಲಸ ಮಾಡಿ ಮಾಡಿ ನನ್ನ ಕಣ್ಣು ಕೆಂಪಾಗಿತ್ತು. ಈ ನಾಲ್ಕು ಜನರ ಮರ್ಯಾದೆ ಕಾಯುವುದಕ್ಕೆ ಹಾಡಿಯವರು ಇನ್ನೊಂದು ವರ್ಷ ಕಾಯಬೇಕೇ? ರಂಗತ್ತೆ ಕಾಯುತ್ತಾಳೆಯೇ?

"ಗೊತ್ತು ಮೇಡಂ," ಅಂದಳು. "ನನ್ನದು ಈ ಮೂವರಿಗೂ ಗೊತ್ತು. ಇವರದ್ದೆಲ್ಲ ನನಗೂ ಗೊತ್ತು. ಮುಯ್ಯಿ ಮಾಡ್ಕೊಂಡಿದ್ದೀವಿ. ಆಗಲೇ ಸುಳ್ಳು ಹೇಳಿದೆ."

"ಲೇ ಮಂಗಳಾ," ಅಂದರು ಷಣ್ಮುಖಪ್ಪ, ಎದ್ದು ನಿಂತು.

"ಕೂತ್ಕೊಳ್ಳಿ," ಅಂದರು ಹೇಮಶ್ರೀ. "ಅವರು ಹೇಳದಿದ್ರೂ ನಿಮ್ಮಲ್ಲಿಬ್ಬರು ಆಗಲೇ ಹೇಳಿದ್ದಾರೆ. ನಾಟಿಗೆ ಗದ್ದೆಗಿಳಿದ ಹುಡುಗಿ ರಜಾ ಹಾಕಿಲ್ಲ. ಮಂಗಳವಾರ ತಂಬಾಕು ಕಿತ್ತ ಹುಡುಗ ರಜಾ ಹಾಕಿಲ್ಲ. ಆದ್ರೂ ಇಬ್ಬರ ಜಾಬ್‌ಗಳೂ ಹೋಗಿವೆ. ಅಂದ್ರೆ ಬೇರೆ ಕೈ ಕಳಿಸಿದೆ. ಇದು ತಿಳಿಯೋಕೆ ದೊಡ್ಡ ವಿದ್ಯೆ ಬೇಡ, ಬೇಸಾಯದ ಮನೇಲಿ ಹುಟ್ಟಿದ್ರೆ ಸಾಕು."

ಅವರು ದಾಖಲೆಯನ್ನು ಮೇಜಿನ ಮೇಲೆ ಇಟ್ಟರು.

"ಗೌರೀಶ್, ನೀವು ಅಳಿಸಿದ ಸಾಲುಗಳನ್ನಷ್ಟೇ ನೋಡಿದ್ರಿ. ಎಲ್ಲರೂ ಅದನ್ನೇ ನೋಡೋದು. ನಾನು ಅದಕ್ಕೂ ಮುಂಚಿನ ಒಂದು ಸಾಲು ನೋಡಿದೆ. ಮಂಗಳಾ ಲಾಗಿನ್ನೇ. ಆದ್ರೆ ಕೇಳಿರೋದು ಏನು? ಕೆ.ಆರ್. ನಗರದ ಜಾಬ್‌ಗಳನ್ನ ತೋರಿಸು ಅಂತ. ಉತ್ತರ — ಒಂದೂ ಇಲ್ಲ. ಏನೂ ಸಿಗದ ಸಾಲು, ಅದಕ್ಕೇ ಯಾರೂ ಲೆಕ್ಕಕ್ಕೆ ಇಟ್ಟಿಲ್ಲ."

"ಅದ್ರಿಂದ ಏನ್ ಗೊತ್ತಾಯ್ತದೆ ಮೇಡಂ?" ಅಂದರು ಷಣ್ಮುಖಪ್ಪ.

"ಈ ಲೈಬ್ರರಿಗೆ ಒಂದು ಸ್ವಭಾವ ಇದೆ. ಯಾರ ಜಾಬ್ ಅಂತ ಹೇಳದೇ ಕೇಳಿದ್ರೆ, ಯಾರ ಹೆಸರಲ್ಲಿ ಒಳಗೆ ಹೋಗಿದ್ದೀವೋ ಅವರ ಜಾಬ್‌ಗಳನ್ನ ಮಾತ್ರ ಹುಡುಕುತ್ತೆ. ಮಂಗಳಾ ಲಾಗಿನ್‌ನಲ್ಲಿ ಕೋಟೆ ಜಾಬ್ ಬಿಟ್ಟು ಬೇರೇನೂ ಇರಲ್ಲ. ಅದು ಮಂಗಳಾಗೆ ಗೊತ್ತು. ಹಾಗಿದ್ದ ಮೇಲೆ ಅವಳು ಅಲ್ಲಿ ಕೆ.ಆರ್. ನಗರ ಯಾಕೆ ಹುಡುಕ್ತಾಳೆ? ಕೋಟೆ ಜಾಬ್ ಮೇಲೆ ಹಗೆ ಇದ್ದವರು ಯಾರೇ ಆಗಲಿ, ಷಣ್ಮುಖಪ್ಪನವರೇ ಆಗಲಿ, ಕೆ.ಆರ್. ನಗರ ಯಾಕೆ ಕೇಳ್ತಾರೆ? ಅಲ್ಲಿ ಕೂತಿದ್ದವರಿಗೆ ತಾವು ಮಂಗಳಾ ಲಾಗಿನ್‌ನಲ್ಲಿ ಇದ್ದೀವಿ ಅಂತ ತಿಳಿದೇ ಇರಲಿಲ್ಲ. ತಮ್ಮದರಲ್ಲೇ ಇದ್ದೀವಿ ಅಂದ್ಕೊಂಡು ತಮ್ಮ ಜಾಬ್‌ಗಳನ್ನ ಗುಡಿಸ್ತಿದ್ರು."

ಮಂಗಳಾ ಮೆಲ್ಲನೆ ಐಶ್ವರ್ಯಳತ್ತ ನೋಡಿದಳು.

"ಕಡೇ ಅರ್ಜಿಗಳ ತಾರೀಖು ಸೋಮವಾರದ್ದು, ಅವತ್ತು ಮಂಗಳಾ ಹಾಡಿಗೆ ಹೋಗಿದ್ದಳು. ಅವಳ ಕೆಲಸ ಯಾರು ನೋಡಿದ್ರು? ಯಾರು ನೋಡಿದ್ರೋ ಅವರ ಕಂಪ್ಯೂಟರಿನಲ್ಲಿ ಇವಳ ಲಾಗಿನ್ ಹಾಗೇ ಉಳಿದಿತ್ತು. ಮಂಗಳವಾರ ಗೌರೀಶ್ ಇಲ್ಲ, ಅವರದ್ದೂ ಅದೇ ತಲೆ ಮೇಲೆ. ಎರಡು ಮನೆ ಕೆಲಸ ಒಂದೇ ಕೈಗೆ. ಅದರ ಮಧ್ಯೆ ತಮ್ಮ ಹಳೇ ಜಾಬ್ ಗುಡಿಸೋಣ ಅಂತ ಪ್ರೋಗ್ರಾಂ ಓಡಿಸಿದ್ರು. ಹೆಸರು ಹಾಕಿ ಕೇಳಿದ್ರೆ ಏನೂ ಬರಲಿಲ್ಲ. ಹಾಳಾದ್ದು, ನನ್ನ ಹೆಸರಲ್ಲಿರೋದೆಲ್ಲ ನನ್ನದೇ ಕಸ ತಾನೇ ಅಂತ ಹೆಸರು ತೆಗೆದು, ಎಲ್ಲ ಅಳಿಸು ಅಂದ್ರು. ದೊಡ್ಡ ಯಂತ್ರ ಅಳಿಸಿತು. ಹೋಲ್ಡ್‌ನಲ್ಲಿದ್ದ ಜಾಬನ್ನೂ."

"ಅಷ್ಟಕ್ಕೇ ನನ್ನನ್ನ —" ಅಂದಳು ಐಶ್ವರ್ಯ.

"ಅಷ್ಟಕ್ಕೇ ಅಲ್ಲ," ಅಂದರು ಹೇಮಶ್ರೀ. "ಬೇರೆ ಯಾರೋ ನಿಮಗೋಸ್ಕರ ಗುಡಿಸಿದ್ರೇನೋ ಅಂತ ನಾನೂ ಯೋಚಿಸಿದೆ. ಆದ್ರೆ ಗೌರೀಶ್ ಆಫೀಸಲ್ಲೇ ಇರಲಿಲ್ಲ. ಷಣ್ಮುಖಪ್ಪನವರ ಜಾಬ್‌ಗಳನ್ನೂ ನೀವೇ ಬರೆದುಕೊಡೋದು, ಅವರು ಗುಂಡಿ ಒತ್ತೋದು ಅಂತ ಅವರೇ ಟೀಗೆ ಹೋಗುವಾಗ ನನ್ನ ಹತ್ರ ಹೇಳಿದ್ರು. ಇನ್ನೊಂದು ಇದೆ. ಆ ಅಳಿಸಿದ ಸಾಲುಗಳಾದ ಸ್ವಲ್ಪ ಹೊತ್ತಿಗೇ ಅದೇ ಕೇಳಿಕೆ, ಅದೇ ಕ್ರಮ, ಈ ಸಲ ನಿಮ್ಮ ಲಾಗಿನ್‌ನಲ್ಲಿ. ಈ ಸಲ ಕೆ.ಆರ್. ನಗರ ಸಿಕ್ಕಿದೆ, ಗುಡಿಸಿದ್ದೀರಿ. ಅಂದ್ರೆ ಮಧ್ಯೆ ಲಾಗಿನ್ ಬದಲಾಯಿಸಿದ್ದೀರಿ. ತಪ್ಪು ಗೊತ್ತಾಗದೇ ಯಾರು ಲಾಗಿನ್ ಬದಲಾಯಿಸ್ತಾರೆ? ಕೈ ತಪ್ಪಿ ಅಳಿಸಿದ್ದು ಒಂದು ಗಳಿಗೆ. ಆಮೇಲೆ ಸಂಜೆಯವರೆಗೆ ಹೊತ್ತಿತ್ತು. ಗಡುವಿನೊಳಗೆ ಇನ್ನೊಂದು ಸಲ ಕಳಿಸಬಹುದಿತ್ತು. ಒಂದು ಮಾತು ಪಕ್ಕದ ಮೇಜಿಗೆ ಹೇಳಿದ್ರೆ ಸಾಕಿತ್ತು. ನೀವು ಹೇಳಲಿಲ್ಲ ಐಶ್ವರ್ಯ."

ಐಶ್ವರ್ಯ ಅಳತೊಡಗಿದಳು. ಗೌರೀಶ ಕಿಟಕಿಯತ್ತ ಮುಖ ತಿರುಗಿಸಿದ. ಷಣ್ಮುಖಪ್ಪ ಕನ್ನಡಕ ಒರೆಸಿದ್ದೇ ಒರೆಸಿದ್ದು.

ಮಂಗಳಾ ಅವಳ ಮುಂದೆ ಹೋಗಿ ನಿಂತಳು. "ಮಧ್ಯಾಹ್ನ ನನ್ನ ಜೊತೇಲೇ ಊಟ ಮಾಡ್ದೆಯಲ್ಲೇ. ಆಗಲೇ ಗೊತ್ತಿತ್ತಾ?"

"ಹ್ಞೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎದ್ರಿಕೆ ಆಯ್ತು ಕಣೇ. ಹೇಳಿದ್ರೆ ಮುಯ್ಯಿ ಎಲ್ಲ ಆಚೆ ಬತ್ತದೆ, ಕೆಲಸ ಓಯ್ತದೆ ಅಂತ..." ಐಶ್ವರ್ಯ ಮೂಗೊರೆಸಿಕೊಂಡಳು. "ನೀನು ಎಂಗೂ ಬಾಯಿ ಬುಡಲ್ಲ ಅಂತ ಗೊತ್ತಿತ್ತು."

ಮಂಗಳಾಳಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಬೆಳಿಗ್ಗೆಯಿಂದ ತಾನು ನುಂಗಿಕೊಂಡದ್ದೆಲ್ಲ ಈ ಹುಡುಗಿಯ ಲೆಕ್ಕದಲ್ಲಿ ಮೊದಲೇ ಇತ್ತು. ಬಯ್ಯೋಣ ಅಂತ ಬಾಯಿ ತೆರೆದಳು, ಬೈಗುಳ ಒಂದೂ ಸಾಲದು ಅನ್ನಿಸಿ ಮುಚ್ಚಿದಳು.

"ಮಂಗಳಾ," ಅಂದರು ಹೇಮಶ್ರೀ, "ಕೇಳಿಲ್ಲಿ. ಅಳಿಸಿದವರು ನೀವಲ್ಲ, ಹಾಗಾಗಿ ಅರ್ಜಿ ವಾಪಸಾದ ಹಾಗಲ್ಲ, ಕಮಿಟಿಗೆ ನನ್ನ ವರದಿ ಸಾಕು. ಮತ್ತೆ ಕಳಿಸಬಹುದು. ಆದ್ರೆ ಪಾಸ್‌ವರ್ಡ್ ಕೊಟ್ಟವರಲ್ಲಿ ನೀವೂ ಒಬ್ಬರು. ನನ್ನ ವರದಿ ಹೋದ ಕೂಡಲೇ ನಾಲ್ಕೂ ಲಾಗಿನ್ ನಿಲ್ಲುತ್ತವೆ. ವಿಚಾರಣೆ ಮುಗಿಯೋವರೆಗೆ ನೀವು ಕೆಲಸಕ್ಕೆ ಬರೋ ಹಾಗಿಲ್ಲ. ಆಮೇಲೇನು ಅಂತ ನಾನು ಮಾತು ಕೊಡಲಾರೆ. ವರದಿ ಇನ್ನೂ ಕಳಿಸಿಲ್ಲ. ಹಾಡಿಯವರ ಅರ್ಜಿ ನಿಮ್ಮ ಹತ್ತಿರ ಇದೆಯಾ?"

"ಇದೆ ಮೇಡಂ."

"ಹಾಗಾದ್ರೆ ಕೂತ್ಕೊಳ್ಳಿ. ನಾನು ಕಾಯ್ತೀನಿ."

ಮಂಗಳಾ ಕೂತಳು. ಪ್ರೋಗ್ರಾಂ ತೆರೆದಳು. ಒಳಗಿನ ಹೆಸರುಗಳನ್ನು ಒಂದೊಂದಾಗಿ ಓದಿಕೊಂಡಳು, ಯಾರೂ ಬಿಟ್ಟುಹೋಗದ ಹಾಗೆ. ಕಳಿಸಿದಳು. ಹೇಮಶ್ರೀ ಮೈಸೂರಿಗೆ ಫೋನ್ ಮಾಡಿ ಹೋಲ್ಡ್ ತೆಗೆಸಿದರು. ಎಲ್ಲಿಗೆ ಬಂತು ಅಂತ ಕೇಳಿದಳು. ಸರದಿಯಲ್ಲಿದೆ. ಮತ್ತೆ ಕೇಳಿದಳು. ಓಡುತ್ತಿದೆ. ಕಾಲು ಸುಮ್ಮನಿರಲಿಲ್ಲ, ಮೇಜಿನ ಕೆಳಗೆ ತಾನೇ ತಾನಾಗಿ ಕುಣಿಯುತ್ತಿತ್ತು. ಮತ್ತೆ ಕೇಳಿದಳು. ಮುಗಿದಿದೆ. ತಪ್ಪು — ಸೊನ್ನೆ. ಮಂಜೂರಾದ ಕಾರ್ಡುಗಳ ಸಾಲಿನಲ್ಲಿ ರಂಗತ್ತೆಯ ಹೆಸರು ಎಲ್ಲಿದೆ ಅಂತ ಹುಡುಕಿ, ಅದರ ನಂಬರನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ಆಮೇಲೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಹೇಮಶ್ರೀ ತಮ್ಮ ವರದಿ ಕಳಿಸಿದರು. ನೋಡನೋಡುತ್ತ ಮಂಗಳಾಳ ಪರದೆ 'ಪ್ರವೇಶವಿಲ್ಲ' ಅಂದಿತು.

ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಐಶ್ವರ್ಯ ಹಿಂದಿನಿಂದ ಕರೆದಳು. ಮಂಗಳಾ ತಿರುಗಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಲೇ ಹಾಡಿಗೆ ಫೋನ್ ಹಚ್ಚಿದಳು.

"ಮಾವ, ರಂಗತ್ತೆನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗು. ಕಾರ್ಡ್ ಆಯ್ತು. ನಂಬರ್ ಯೋಳ್ತೀನಿ, ಅದನ್ನ ಅಲ್ಲಿ ಕೊಟ್ರೆ ಸಾಕು. ನಾನೂ ಕೋಟೆ ಬಸ್ ಅತ್ತಿ ಬತ್ತಾ ಇವ್ನಿ."

"ಕೆಲಸ ಬುಟ್ಟು?"

"ಸದ್ಯಕ್ಕೆ ಕೆಲಸ ಇಲ್ಲ ಮಾವ."

"ನಮ್ ಅರ್ಜಿ ಕಳೆದೋಗಿತ್ತು ಅಂತ ಯಾರೋ ಅಂದ್ರು. ಕಳ್ಳರು ಯಾರು ಅಂತ ಗೊತ್ತಾಯ್ತಾ?"

"ಕಳ್ಳರು ಯಾರೂ ಇರ್ಲಿಲ್ಲ ಮಾವ," ಅಂದಳು ಮಂಗಳಾ. "ನನ್ ಗೆಳತಿ."

ಅಷ್ಟು ಹೇಳಿ ಅಂಗೈ ಬಿಚ್ಚಿ, ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳತೊಡಗಿದಳು.